ಕಟ್ಟಿಲ್ಲದ ಪಟ

ನಮ್ಮ ಕಡೆ ಫೋಟೋಕ್ಕೆ ಕಟ್ಟು ಹಾಕಿಸುವುದು ಎರಡೇ ಸಂದರ್ಭಗಳಲ್ಲಿ. ಒಂದು ಮದುವೆ, ಇನ್ನೊಂದು ವೈಕುಂಠ ಸಮಾರಾಧನೆ. ಮೊದಲನೆಯದನ್ನು ಸ್ಟುಡಿಯೋದವರೇ ಕಟ್ಟು ಹಾಕಿ ಕೊಡುತ್ತಾರೆ. ಎರಡನೆಯದಕ್ಕೆ ಮನೆಯವರು ಆಲ್ಬಮ್ಮು, ಟ್ರಂಕು, ಬೀರು ಎಲ್ಲ ತಡಕಾಡಿ, ಯಾವುದೋ ಗುಂಪಿನ ಫೋಟೋದಿಂದ ತಲೆಯೊಂದನ್ನೇ ದೊಡ್ಡದು ಮಾಡಿಸಬೇಕು. ಅದಕ್ಕೇ ನಮ್ಮ ಅನೇಕ ಹಿರಿಯರು ಗೋಡೆಯ ಮೇಲೆ ಪಕ್ಕದವರ ಅರ್ಧ ಹೆಗಲನ್ನು ಅಂಟಿಸಿಕೊಂಡೇ ಕುಳಿತಿರುತ್ತಾರೆ. ನಿಮ್ಮ ಮನೆಯಲ್ಲೂ ಅಂಥದೊಂದು ಇದ್ದೀತು, ನೋಡಿ.

ನನ್ನ ತವರು ಸಾಗರದ ಹತ್ತಿರದ ಹಳ್ಳಿ. ಅಲ್ಲಿ ನಡುಮನೆಯ ಗೋಡೆಯ ಮೇಲೆ ಅಪ್ಪ ಅಮ್ಮನ ಮದುವೆಯ ಫೋಟೋ ಇತ್ತು. 1961ರದು, ಕಪ್ಪು ಬಿಳುಪು. ಅಪ್ಪ ಪೇಟ ಸುತ್ತಿಕೊಂಡು ಕುರ್ಚಿಯಲ್ಲಿ ಕುಳಿತಿದ್ದಾರೆ. ಪಕ್ಕದಲ್ಲಿ ಹದಿನೆಂಟರ ಅಮ್ಮ, ಧಾರೆ ಸೀರೆ ಉಟ್ಟು, ಯಾರೋ ಬೈದವರ ಹಾಗೆ ನೆಲ ನೋಡುತ್ತ ನಿಂತಿದ್ದಾಳೆ. ಅವರಿಬ್ಬರೂ ಜೊತೆಯಾಗಿ ಇರುವ ಫೋಟೋ ಅದೊಂದೇ.

ಅಪ್ಪ 1989ರಲ್ಲಿ ತೀರಿಕೊಂಡರು. 1993ರ ಆಷಾಢದಲ್ಲಿ ತವರಿಗೆ ಹೋಗಿದ್ದಾಗ ನೋಡುತ್ತೇನೆ, ಗಾಜಿನೊಳಗೆ ಅಪ್ಪನ ಮುಖದ ಮೇಲೆ ಒದ್ದೆಯಾದಂತೆ ಹೊಳೆಯುವ ಒಂದು ಕಲೆ. ಹಿಂದಿನ ರಟ್ಟು ಬೂಷ್ಟು ಹಿಡಿದಿತ್ತು. ಒಲೆಯ ಕಾವಿಗೆ ಒಣಗಿಸೋಣವೆಂದು ಕಟ್ಟು ಬಿಚ್ಚಿದೆ. ಫೋಟೋ ಗಾಜಿಗೆ ಅಂಟಿಕೊಂಡಿತ್ತು. ದೋಸೆ ಕಾವಲಿಗೆ ಅಂಟಿದರೆ ನಾವೇನು ಮಾಡುತ್ತೇವೋ ಅದನ್ನೇ ಮಾಡಿದೆ. ತೆಳ್ಳನೆಯ ಚಾಕು ತೂರಿಸಿ ಎಬ್ಬಿಸಿದೆ. ಅಮ್ಮನಿದ್ದ ಅರ್ಧ ಸರಾಗವಾಗಿ ಎದ್ದುಬಂತು. ಅಪ್ಪನ ಪೇಟ, ಮುಖ, ಎದೆಯ ಮೇಲಿನ ಹಾರ ಗಾಜಿನ ಮೇಲೇ ಉಳಿದುಬಿಟ್ಟವು.

ಅಮ್ಮ ಬಂದು ನೋಡಿದಳು. ನಾನು ಬಾಯಿ ಬಿಡುವ ಮೊದಲೇ, "ಹೋಗ್ಲಿ ಬಿಡೇ, ಮಳೆ ಮಾಡಿದ ಕೆಲಸ" ಎಂದಳು. ನಾನೂ ಮಳೆಯ ಹಿಂದೆ ಅಡಗಿಕೊಂಡೆ. ಆಮೇಲೆ ಅಪ್ಪನ ಒಂದು ಸಣ್ಣ ಫೋಟೋ ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ, ಗಂಧದ ಹಾರ ತೊಡಿಸಿದ್ದಾಯಿತು.

2023ರಲ್ಲಿ ಅಮ್ಮ ಹಳ್ಳಿ ಬಿಟ್ಟು ಶಿವಮೊಗ್ಗಕ್ಕೆ ನಮ್ಮ ಮನೆಗೆ ಬಂದಳು. ಅವಳ ಜೊತೆ ಬಂದದ್ದು ಒಂದು ಟ್ರಂಕು, ಹಾರ ಹಾಕಿದ ಅಪ್ಪ. ಟ್ರಂಕಿನ ತಳದಲ್ಲಿ ಹಳೆಯ ಧಾರೆ ಸೀರೆಯ ಮಡಿಕೆಯೊಳಗೆ ಆ ಗಾಜು ಇತ್ತು. ಜೊತೆಗೇ, ಅಮ್ಮ ಮಾತ್ರ ಉಳಿದಿದ್ದ ಆ ಹರಿದ ಫೋಟೋ. ಮೂವತ್ತು ವರ್ಷ!

"ಇದನ್ಯಾಕಮ್ಮ ಇಟ್ಕೊಂಡಿದ್ದೀ?" ಎಂದೆ.

"ಎಸೆಯೋಕಾಗತ್ತೇನೇ?" ಎಂದಳು.

ಎರಡನ್ನೂ ಸೀರೆಯ ಸಮೇತ ಎತ್ತಿಕೊಂಡು ಪೇಟೆಯ ಫೋಟೋ ಅಂಗಡಿಗೆ ಹೋದೆ. ಅಲ್ಲಿನ ಹುಡುಗ ನನ್ನ ಮಗನಿಗಿಂತ ಚಿಕ್ಕವನು. ಗಾಜನ್ನು ಬೆಳಕಿಗೆ ಹಿಡಿದು, "ಆಂಟಿ, ಇದನ್ನ ಕೀಳಬಾರದಿತ್ತು. ಗಾಜಿನ ಮೇಲಿಂದಲೇ ಒಂದು ಫೋಟೋ ತೆಗೆದುಕೊಂಡಿದ್ರೆ ಸಾಕಿತ್ತು" ಎಂದ. ಹಳೆಯ ಫೋಟೋದ ಚಿತ್ರವಿರುವುದು ಕಾಗದದಲ್ಲಲ್ಲ, ಅದರ ಮೇಲಿನ ಜೆಲಾಟಿನ್ ಎಂಬ ತೆಳುಪದರದಲ್ಲಂತೆ. ಥಂಡಿಗೆ ಅದು ನೀರು ಹೀರಿ ಉಬ್ಬಿ ಅಂಟಾಗುತ್ತದೆ, ಮುಟ್ಟಿದ ಗಾಜನ್ನು ಹಿಡಿದುಕೊಳ್ಳುತ್ತದೆ. ಅದಕ್ಕೇ ಗಾಜಿಗೂ ಫೋಟೋಕ್ಕೂ ನಡುವೆ ರಟ್ಟಿನ ಅಂಚು ಕೊಟ್ಟು ಸ್ವಲ್ಪ ಸಂದು ಬಿಡಬೇಕು. ಜೆಲಾಟಿನ್ ಮಾಡುವುದು ದನದ ಚರ್ಮ, ಮೂಳೆಗಳಿಂದ ಎಂಬುದನ್ನು ಮಾತ್ರ ನಾನು ಅಮ್ಮನಿಗೆ ಹೇಳಲಿಲ್ಲ. ಆ ಫೋಟೋ ಇದ್ದದ್ದು ದೇವರಮನೆಯ ಬಾಗಿಲ ಪಕ್ಕದಲ್ಲಿ!

ಹುಡುಗ ಗಾಜಿನ ಹಿಂದೆ ಬಿಳಿ ಹಾಳೆ ಇಟ್ಟು, ಹೊಳಪು ಬೀಳದಂತೆ ಎರಡು ಪಕ್ಕಗಳಿಂದ ಓರೆಯಾಗಿ ಬೆಳಕು ಬಿಟ್ಟು ಅಪ್ಪನನ್ನು ಕ್ಯಾಮೆರಾದಲ್ಲಿ ಹಿಡಿದ. ಹಾಗೆಯೇ ಅಮ್ಮನನ್ನೂ ಹಿಡಿದು, ಕಂಪ್ಯೂಟರಿನಲ್ಲಿ ಇಬ್ಬರನ್ನೂ ಕೂಡಿಸಿದ. ಎರಡನೆಯ ಸಲ ಧಾರೆಯೆರೆದ ಪುರೋಹಿತ ಅವನೇ. ದಕ್ಷಿಣೆಯೂ ಪುರೋಹಿತರಷ್ಟೇ ಆಯಿತು.

ಎರಡಡಿ ಅಗಲ, ಮೂರಡಿ ಎತ್ತರಕ್ಕೆ ಮಾಡಿಸುವುದೆಂದಾಯಿತು. ಕಟ್ಟು ಎಂಥದು ಎಂದು ಕೇಳಿದರೆ ಅಮ್ಮ, "ಕಟ್ಟೂ ಬೇಡ, ಗಾಜೂ ಬೇಡ. ಒಂದು ಸಲ ಗಾಜಿಗೆ ಕೊಟ್ಟಿದ್ದು ಸಾಕು" ಎಂದಳು. ಗಾಜಿಲ್ಲದಿದ್ದರೆ ಧೂಳು, ಥಂಡಿ, ಕೈಯ ಎಣ್ಣೆ ಎಂದು ನಾನು ವಾದ ಹೂಡಿದೆ. ಹುಡುಗ ಅಜ್ಜಿಯ ಪಕ್ಷ ವಹಿಸಿದ.

ಕಟ್ಟಿಲ್ಲದೆ ಪಟ ಮಾಡುವುದನ್ನು ನಾನು ಕುಳಿತು ನೋಡಿದೆ. ಪ್ರಿಂಟ್ ಆದ ಮೇಲೆ ಶಾಯಿ ಆರಲು ಒಂದು ಇಡೀ ದಿನ ಬಿಡಬೇಕು. ಅವಸರ ಮಾಡಿದರೆ ಮೇಲಿನ ಹಾಳೆಯೊಳಗೆ ಗುಳ್ಳೆ ಏಳುತ್ತದೆ. ಆಮೇಲೆ ಹೊಳಪಿಲ್ಲದ, ತೆಳ್ಳನೆಯ ಪಾರದರ್ಶಕ ಹಾಳೆಯ ಲ್ಯಾಮಿನೇಷನ್. ಹೊಳಪಿನದಾದರೆ ಎದುರಿನ ಕಿಟಕಿಯೇ ಅಪ್ಪನ ಮುಖದಲ್ಲಿ ಕಾಣುತ್ತದೆ. ಅಂಟಿಸುವುದಕ್ಕೆ ಸನ್‌ಬೋರ್ಡ್ ಎಂಬ ಹಗುರ ಪ್ಲಾಸ್ಟಿಕ್ ಹಲಗೆ. ಮರದ ಪುಡಿ ಒತ್ತಿ ಮಾಡಿದ ಹಲಗೆಗಳು ನಮ್ಮ ಮಳೆಗಾಲಕ್ಕೆ ಉಬ್ಬುತ್ತವೆ. ಒಂದು ಅಂಚನ್ನು ಮೊದಲು ನೇರಕ್ಕೆ ಹಿಡಿಸಿ, ಅಂಟಿನ ಮೇಲಿನ ಕಾಗದವನ್ನು ಸ್ವಲ್ಪ ಸ್ವಲ್ಪವೇ ಎಳೆಯುತ್ತ, ಗಾಳಿ ಸಿಕ್ಕಿಕೊಳ್ಳದಂತೆ ಒತ್ತಿಕೊಂಡು ಹೋಗಬೇಕು. ಒಂದು ಸಲ ಹಿಡಿದರೆ ಮುಗಿಯಿತು, ತಿದ್ದುವ ಹಾಗಿಲ್ಲ.

"ಅದಕ್ಕೇ ಆಂಟಿ, ಹಳೇ ಫೋಟೋನ ಯಾವತ್ತೂ ಅಂಟಿಸಬಾರದು. ಅಂಟಿಸೋದು ನಕಲನ್ನ ಮಾತ್ರ" ಎಂದ. ಗೋಡೆಗೆ ನಕಲು, ಪೆಟ್ಟಿಗೆಗೆ ಮೂಲ. ಈ ಒಂದು ಮಾತು 1993ರಲ್ಲಿ ಗೊತ್ತಿದ್ದಿದ್ದರೆ!

ಹಲಗೆಯ ಹಿಂದೆ, ಅಂಚಿನಿಂದ ಒಳಗೆ, ಎರಡು ಮರದ ರೀಪು ಹೊಡೆದ. ದೊಡ್ಡ ಹಲಗೆ ಬಾಗದಿರಲು ಅದು ಬೇಕು. ಜೊತೆಗೆ ಪಟ ಗೋಡೆಯಿಂದ ಅರ್ಧ ಅಂಗುಲ ಮುಂದೆ ನಿಲ್ಲುತ್ತದೆ. ನಮ್ಮ ಕಡೆ ಮಳೆಗಾಲದಲ್ಲಿ ಗೋಡೆಯೂ ಬೆವರುತ್ತದಲ್ಲ, ಹಿಂದೆ ಗಾಳಿಯಾಡಿದರೆ ಬೂಷ್ಟು ಬರುವುದಿಲ್ಲ. ಬಿಸಿಲು ನೇರವಾಗಿ ಬೀಳುವ ಗೋಡೆ, ಬಚ್ಚಲಿನ ಗೋಡೆ, ಅಡುಗೆಮನೆಯ ಜಿಡ್ಡು ಬರುವ ಜಾಗ ಮೂರೂ ಬೇಡವೆಂದ. ಒರೆಸಲು ಒಣಗಿದ ಮೆತ್ತನೆಯ ಬಟ್ಟೆ ಸಾಕು.

ಪಟ ನಡುಮನೆಗೆ ಬಂದ ದಿನ ಅಮ್ಮ ಅದರ ಮುಂದೆ ಬಹಳ ಹೊತ್ತು ಕುಳಿತಿದ್ದಳು. ಅಷ್ಟು ದೊಡ್ಡದಾದ ಮೇಲೆ ತಿಳಿಯಿತು, ಹದಿನೆಂಟರ ಹುಡುಗಿ ನೋಡುತ್ತಿದ್ದದ್ದು ನೆಲವನ್ನಲ್ಲ, ಓರೆಗಣ್ಣಿನಲ್ಲಿ ಅಪ್ಪನ ಕೈಯನ್ನು. ನನಗೆ ತಡೆಯಲಾಗಲಿಲ್ಲ. "ಅಮ್ಮಾ, ಅವತ್ತು ಮಳೆಯಲ್ಲ, ಚಾಕು ಹಾಕಿದ್ದು ನಾನು" ಎಂದೆ.

"ಗೊತ್ತು ಕಣೇ. ಅಡುಗೆಮನೆ ಬಾಗಿಲಲ್ಲೇ ನಿಂತಿದ್ನಲ್ಲ" ಎಂದಳು ಅಮ್ಮ, ಪಟದಿಂದ ಕಣ್ಣು ತೆಗೆಯದೆ.

ಅಪ್ಪನ ತಿಥಿಯ ದಿನ ಅಭ್ಯಾಸಬಲದಿಂದ ನಾನು ಹೂವಿನ ಹಾರ ಹಿಡಿದುಕೊಂಡು ಈ ಪಟದ ಮುಂದೆಯೂ ನಿಂತೆ. ಕಟ್ಟಿಲ್ಲ, ಮೊಳೆ ಹಲಗೆಯ ಹಿಂದೆ ಮರೆಯಾಗಿದೆ. ಹಾರಕ್ಕೆ ಜಾಗವೇ ಇಲ್ಲ.

"ಅದಕ್ಕೆ ಬೇಡ, ಈಚೆ ತಾ" ಎಂದಳು ಅಮ್ಮ. "ಅದರಲ್ಲಿ ಅವರು ಇನ್ನೂ ಇದ್ದಾರೆ."