ಬಡವನಹಳ್ಳಿಯಲ್ಲೊಂದು ಆಫೀಸು

ಮೆಜೆಸ್ಟಿಕ್‌ನಲ್ಲಿ ಬಸ್ ಹತ್ತಿ ದಾಬಸ್‌ಪೇಟೆ, ಕೊರಟಗೆರೆ ದಾಟಿದರೆ ಮಧುಗಿರಿಯ ಏಕಶಿಲಾ ಬೆಟ್ಟ ದೂರದಿಂದಲೇ ಕಾಣಿಸುತ್ತದೆ. ಅಲ್ಲಿಂದ ಶಿರಾ ರಸ್ತೆ ಹಿಡಿದರೆ ನಮ್ಮ ಬಡವನಹಳ್ಳಿ. ಹೆಸರು ಕೇಳಿದ ಆಫೀಸಿನವರು ನಗುತ್ತಾರೆ. ಮದುವೆಗೆ ಮುಂಚೆ ನಾನೂ ನಕ್ಕವಳೇ! ಈಗ ನನ್ನ ಆಫೀಸು ಇರುವುದೇ ಆ ಊರಿನಲ್ಲಿ.

2020ರ ಯುಗಾದಿಗೆಂದು ನಾವು ನಾಲ್ಕು ದಿನ ಮೊದಲೇ ಬಂದಿದ್ದೆವು. ನಾಲ್ಕು ಜೊತೆ ಬಟ್ಟೆ, ಮಗಳ ಆಟದ ಸಾಮಾನು, ಯಾವುದಕ್ಕೂ ಇರಲಿ ಎಂದು ಲ್ಯಾಪ್‌ಟಾಪ್. ಹಬ್ಬದ ಹಿಂದಿನ ದಿನ, ಮಾರ್ಚ್ 24ರ ರಾತ್ರಿ, ಲಾಕ್‌ಡೌನ್ ಘೋಷಣೆಯಾಯಿತು. ಬೇವು ಬೆಲ್ಲದ ಜೊತೆಗೆ ಮನೆಯಿಂದಲೇ ಕೆಲಸವೂ ಬಂತು. ಯಜಮಾನರ ಕೆಲಸ ಕಾರ್ಖಾನೆಯಲ್ಲಿ. ಅವರು ಲಾಕ್‌ಡೌನ್ ಸಡಿಲವಾದಾಗ ಬೆಂಗಳೂರಿಗೆ ಹೊರಟರು, ವಾರಕ್ಕೊಮ್ಮೆ ಬಂದು ಹೋಗುತ್ತಾರೆ. ನಾನು, ಮಗಳು ಇಲ್ಲೇ ಉಳಿದೆವು.

ನಮ್ಮದು ಹಳೇ ಮನೆ. ಮುಂದೆ ಜಗಲಿ, ಒಳಗೆ ನಡುಮನೆ, ಹಿಂದೆ ಅಡುಗೆಮನೆ, ಪಕ್ಕದಲ್ಲಿ ರಾಗಿ ಮೂಟೆ ಇಡುವ ಒಂದು ಕೋಣೆ. ಆ ಕೋಣೆಯೇ ನನ್ನ ಆಫೀಸಾಯಿತು. ಮೊದಮೊದಲು ಅದಕ್ಕೆ ಬಾಗಿಲಿದೆ ಅನ್ನೋದೇ ಯಾರಿಗೂ ನೆನಪಿರಲಿಲ್ಲ. "ಮನೇಲೇ ಇದ್ದೀಯಲ್ಲ, ಹಾಲು ಉಕ್ಕದಂಗೆ ನೋಡ್ಕೋ" ಅಂತ ಅತ್ತೆ. "ಅಮ್ಮಾ, ಆ ಮೂಟೆ ಪಕ್ಕ ಗುದ್ಲಿ ಐತಾ ನೋಡು" ಅಂತ ಮಾವ. ಪಕ್ಕದ ಮನೆಯವರು ಕಿಟಕಿಯಲ್ಲಿ ಬಗ್ಗಿ, "ಅದೇನು ದಿನಾ ಒಬ್ಬಳೇ ಇಂಗ್ಲಿಷ್ ಮಾತಾಡ್ತಾಳೆ?" ಎಂದು ಅತ್ತೆಯನ್ನು ಕೇಳುತ್ತಿದ್ದರು. ಮನೆಯಲ್ಲಿರುವ ಸೊಸೆ ಅಂದರೆ ಬಿಡುವಾಗಿರುವ ಸೊಸೆ. ಅವರ ಲೆಕ್ಕ ಅದು.

ಆಫೀಸಿನವರ ಲೆಕ್ಕ ಇದರ ತಿರುಗುಮುರುಗು. ಮನೆಯಲ್ಲಿದ್ದಾಳೆ ಅಂದರೆ ಯಾವಾಗಲೂ ಸಿಗುತ್ತಾಳೆ! ಅಮೆರಿಕದವರಿಗೆ ಬೆಳಗಾದಾಗ ನಮಗೆ ಊಟದ ಹೊತ್ತು. ಮುದ್ದೆ ಮುರಿಯುವಾಗ ಫೋನು, ಮಗಳನ್ನು ಮಲಗಿಸುವಾಗ ಫೋನು. ಎರಡು ಕಡೆಯವರೂ ನನ್ನನ್ನು ಪೂರ್ತಿ ತಮ್ಮವಳೆಂದೇ ತಿಳಿದಿದ್ದರು.

ಒಂದು ದಿನ ತಾಳ್ಮೆ ಕೆಟ್ಟು ನಿಯಮ ಮಾಡಿದೆ. ಬಾಗಿಲ ಮೇಲೆ ಕೆಂಪು ಟವೆಲ್ ಇದ್ದರೆ ಯಾರೂ ತಟ್ಟಬಾರದು, ಕರೆಯಬಾರದು, ಏನೇ ಆದರೂ. ಸ್ವಲ್ಪ ಜೋರಾಗಿಯೇ ಹೇಳಿದೆ. ಅಂದಿನಿಂದ ಮನೆ ನಿಶ್ಶಬ್ದವಾಯಿತು. ಮಗಳು ಗೊಂಬೆಗಳ ಜೊತೆಗೂ ಪಿಸುಮಾತಲ್ಲಿ ಆಡತೊಡಗಿದಳು. ನಾನು ಗೆದ್ದೆ ಅಂದುಕೊಂಡೆ.

ನಮ್ಮ ಕಡೆ ಬೇಸಿಗೆ ಎಂದರೆ ಹುಣಸೆಹಣ್ಣಿನ ಕಾಲ. ಮಧುಗಿರಿ, ಶಿರಾ, ಪಾವಗಡದ ಕಡೆ ಎಷ್ಟೋ ಮನೆಗಳ ಜಗಲಿಯಲ್ಲಿ ಹೆಂಗಸರು ಕೂತು ಹಣ್ಣು ಬಡಿದು, ಓಡು, ನಾರು, ಬೀಜ ತೆಗೆಯುತ್ತಾರೆ. ಕೆಲವರದು ಸ್ವಂತ ಮರದ ಹಣ್ಣು, ಕೆಲವರದು ಕೆ.ಜಿ. ಲೆಕ್ಕದ ಕೂಲಿ. ಮನೆಯಿಂದಲೇ ಕೆಲಸ ಅನ್ನೋದು ಇವರಿಗೆ ಹೊಸದೇನಲ್ಲ.

2021ರ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ನಾನು ಕೋಣೆಯಲ್ಲಿ ಕಿವಿಗೆ ಹೆಡ್‌ಫೋನ್ ಹಾಕಿಕೊಂಡಿದ್ದೆ. ಜಗಲಿಯಲ್ಲಿ ಹುಣಸೆ ಬಡಿಯುತ್ತಿದ್ದ ಅತ್ತೆಯ ಸುತ್ತಿಗೆ ಜಾರಿ ಹೆಬ್ಬೆರಳ ಮೇಲೆ ಬಿತ್ತು. ಮಾವ ತೋಟದಲ್ಲಿದ್ದರು. ಮೀಟಿಂಗ್ ಮುಗಿಸಿ ನಾನು ಹೊರಗೆ ಬಂದಾಗ ಅತ್ತೆ ಕಂಬಕ್ಕೆ ಒರಗಿ ಕೂತಿದ್ದರು. ಬೆರಳಿಗೆ ಸುತ್ತಿದ್ದ ಸೆರಗು ನೆನೆದು ಹೋಗಿತ್ತು. ಪಕ್ಕದಲ್ಲಿ ಮಗಳು ನೀರಿನ ಚೊಂಬು ಹಿಡಿದು ನಿಂತಿದ್ದಳು.

"ಯಾಕೆ ಅತ್ತೆ ಕರೀಲಿಲ್ಲ?"

"ಕೆಂಪು ಟವೆಲ್ ಇತ್ತಲ್ಲವ್ವ."

ಮಗಳು ಎರಡು ಸಲ ಬಾಗಿಲವರೆಗೆ ಬಂದು, ತಟ್ಟದೆ ವಾಪಸ್ ಹೋಗಿದ್ದಳಂತೆ. ಒಂದು ಗಂಟೆ ಅವರಿಬ್ಬರೂ ನನ್ನ ನಿಯಮವನ್ನು ಕಾಪಾಡಿದ್ದರು! ಅತ್ತೆಯನ್ನು ಮಧುಗಿರಿಗೆ ಕರೆದೊಯ್ದು ಹೊಲಿಗೆ ಹಾಕಿಸಿದೆವು. ಬೆರಳು ವಾಸಿಯಾಯಿತು, ಉಗುರು ಮಾತ್ರ ಈಗಲೂ ಸೊಟ್ಟ. ಅದನ್ನು ನೋಡಿದಾಗಲೆಲ್ಲ ನನಗೆ ಆ ಟವೆಲ್ ನೆನಪಾಗುತ್ತದೆ.

ಅಂದು ಸಂಜೆ ಬೆರಳಿಗೆ ಪಟ್ಟಿ ಕಟ್ಟಿಕೊಂಡೇ ಅತ್ತೆ ಹೇಳಿದರು, "ಆ ಚೀಲ ಕಟ್ಟಿ ಒಳಕ್ಕೆ ಸರಿಸವ್ವ, ದೀಪ ಹಚ್ಚೋ ಹೊತ್ತಾಯ್ತು." ದಿನಾ ಅವರೇ ಮಾಡುತ್ತಿದ್ದ ಕೆಲಸ, ನಾನು ಗಮನಿಸಿರಲಿಲ್ಲ. ಹಣ್ಣು ಅರ್ಧ ಉಳಿದಿದ್ದರೂ ಚೀಲ ಕಟ್ಟಿ, ಸುತ್ತಿಗೆ ಗೂಡಿಗಿಟ್ಟು, ಜಗಲಿ ಗುಡಿಸಿ, ನೀರು ಚಿಮುಕಿಸಿ ಆಮೇಲೆ ದೀಪ.

"ಇನ್ನೂ ಇಷ್ಟಿದೆಯಲ್ಲ ಅತ್ತೆ, ನಾಳೆ ಬೆಳಿಗ್ಗೆ ಮತ್ತೆ ಬಿಚ್ಚಬೇಕು. ಇಲ್ಲೇ ಇರಲಿ" ಅಂದೆ.

"ಕಣ್ಣಿಗೆ ಬಿದ್ರೆ ಕೈ ಸುಮ್ನಿರಲ್ಲ ಕಣವ್ವ" ಅಂದರು.

ನನ್ನ ಲ್ಯಾಪ್‌ಟಾಪ್ ರಾತ್ರಿಯೆಲ್ಲ ರಾಗಿ ಮೂಟೆಯ ಮೇಲೆ ತೆರೆದೇ ಇರುತ್ತಿತ್ತು. ನೀರು ಕುಡಿಯಲು ಎದ್ದವಳು ಒಂದು ಮೇಲ್ ನೋಡಿ ಬರುತ್ತಿದ್ದೆ. ನಾನು ಬಾಗಿಲು ಹಾಕಿದ್ದು ಮನೆಯವರಿಗೆ ಮಾತ್ರ, ಕೆಲಸಕ್ಕೆ ಹಾಕಿರಲೇ ಇಲ್ಲ.

ಹಳ್ಳಿಯವರ ಕೆಲಸಕ್ಕೆ ಹೊತ್ತುಗೊತ್ತು ಇತ್ತು ಅಂತ ಹೊಗಳೋದು ಸುಲಭ. ಮಾವನನ್ನು ಕೇಳಿದರೆ ಬೇರೆಯೇ ಹೇಳುತ್ತಾರೆ. ಬೋರ್‌ವೆಲ್‌ಗೆ ತ್ರೀಫೇಸ್ ಕರೆಂಟು ಎಷ್ಟೋ ಸಲ ರಾತ್ರಿಯೇ ಬರೋದು. ಎರಡು ಗಂಟೆಗೆ ಎದ್ದು ಬ್ಯಾಟರಿ ಹಿಡಿದು, ಹಾವು ನೋಡಿಕೊಂಡು ತೋಟಕ್ಕೆ ಓಡಬೇಕಿತ್ತು. ಈಗ ಮೋಟಾರಿಗೆ ಮೊಬೈಲ್ ಸ್ಟಾರ್ಟರ್ ಹಾಕಿಸಿದ್ದಾರೆ. ಓಡಾಟ ತಪ್ಪಿತು. ಆದರೆ ಕರೆಂಟು ಬಂದಾಗ ಫೋನು ಹೊಡೆದುಕೊಳ್ಳುತ್ತದೆ! "ನಿನಗೆ ಅಮೆರಿಕ, ನನಗೆ ತ್ರೀಫೇಸು" ಎಂದು ನಗುತ್ತಾರೆ.

ಒಂದು ವಿಷಯದಲ್ಲಿ ಮಾತ್ರ ಹಿರಿಯರು ಗಟ್ಟಿಯಾಗಿದ್ದರಂತೆ. ಸೋಮವಾರ ಬಸವಣ್ಣನ ವಾರ, ಎತ್ತು ಹೂಡುವಂತಿಲ್ಲ. ಹದ ಮಳೆ ಬಿದ್ದು ಬಿತ್ತನೆ ತುರ್ತಿದ್ದರೂ ಸೋಮವಾರ ನೊಗ ಮುಟ್ಟುತ್ತಿರಲಿಲ್ಲ. ಎತ್ತು ಬಾಯಿ ಬಿಟ್ಟು ರಜೆ ಕೇಳಲಾರದು, ಅದಕ್ಕೆ ಊರೇ ಸೇರಿ ರಜೆ ಕೊಟ್ಟಿತ್ತು. ಈಗ ಟ್ರ್ಯಾಕ್ಟರ್ ಬಂದಿದೆ, ಅದಕ್ಕೆ ಸೋಮವಾರ ಇಲ್ಲ.

ಈ ಮಾತು ಕೇಳಿದಾಗ ನನಗೆ ಬೇರೆ ದೇಶಗಳ ಕಾನೂನು ನೆನಪಾಯಿತು. ಫ್ರಾನ್ಸಿನಲ್ಲಿ 2017ರಿಂದ, ಕೆಲಸದ ಹೊತ್ತು ಮುಗಿದ ಮೇಲೆ ಫೋನು, ಮೇಲ್‌ನಿಂದ ದೂರವಿರುವ ಹಕ್ಕನ್ನು ಕಾನೂನೇ ಒಪ್ಪಿದೆ. ಪೋರ್ಚುಗಲ್ 2021ರಲ್ಲಿ, ಆಸ್ಟ್ರೇಲಿಯಾ 2024ರಲ್ಲಿ ಇಂಥ ಕಾನೂನು ತಂದವು. ನಮ್ಮ ಲೋಕಸಭೆಯಲ್ಲೂ ಸಂಸದೆ ಸುಪ್ರಿಯಾ ಸುಳೆ 2018ರಲ್ಲಿ ಇದಕ್ಕೊಂದು ಖಾಸಗಿ ಮಸೂದೆ ಮಂಡಿಸಿದ್ದರು, ಅದು ಕಾನೂನಾಗಲಿಲ್ಲ. ನಮಗಿನ್ನೂ ಎತ್ತಿನ ಸೋಮವಾರ ಸಿಕ್ಕಿಲ್ಲ. ಹಾಗಾಗಿ ನಮ್ಮ ನಮ್ಮ ಮನೆಯಲ್ಲೇ ಏನಾದರೂ ಮಾಡಿಕೊಳ್ಳಬೇಕು.

ನಾವು ಮಾಡಿಕೊಂಡದ್ದು ಇಷ್ಟು. ಕೆಂಪು ಟವೆಲ್ ಈಗಲೂ ಇದೆ, ಆದರೆ ಮೂರು ಸಲ ತಟ್ಟಿದರೆ ಯಾವ ಮೀಟಿಂಗ್ ಇದ್ದರೂ ನಾನು ಬಾಗಿಲು ತೆಗೆಯಬೇಕು. ಇದು ಮಗಳು ಮಾಡಿದ ನಿಯಮ. ಹಾಲು, ಗುದ್ದಲಿಗೆಲ್ಲ ಒಂದು ಗಂಟೆಯ ಊಟದ ಬಿಡುವಿನವರೆಗೆ ಕಾಯುತ್ತಾರೆ. ದೀಪ ಹಚ್ಚುವ ಹೊತ್ತಿಗೆ ಲ್ಯಾಪ್‌ಟಾಪ್ ಬ್ಯಾಗಿಗೆ, ಬ್ಯಾಗು ಅಟ್ಟಕ್ಕೆ. ಏಣಿ ಹಾಕದೆ ಸಿಗುವುದಿಲ್ಲ. ರಾತ್ರಿಯ ಮೀಟಿಂಗ್ ವಾರಕ್ಕೆ ಎರಡೇ ದಿನ ಎಂದು ಮ್ಯಾನೇಜರಿಗೆ ಹೇಳಿದೆ. ಹೇಳುವಾಗ ಗಂಟಲು ಒಣಗಿತ್ತು. ಒಪ್ಪಿದರು. ಆ ವರ್ಷ ಬಡ್ತಿ ಮಾತ್ರ ಬರಲಿಲ್ಲ. ಇದೇ ಕಾರಣವೋ, ಬೇರೆಯೋ, ಕೇಳಲು ಹೋಗಲಿಲ್ಲ.

ಮತ್ತೊಂದು ಅಭ್ಯಾಸ, ಸಂಜೆಯ ನಡಿಗೆ. ಬೆಂಗಳೂರಿನಲ್ಲಿ ಟ್ರಾಫಿಕ್ಕಿಗೆ ಎಷ್ಟು ಬೈದಿದ್ದೆನೋ, ಆ ಬಸ್ಸಿನ ಒಂದು ಗಂಟೆಯಲ್ಲೇ ಆಫೀಸು ತಲೆಯಿಂದ ಇಳಿಯುತ್ತಿತ್ತು ಎಂದು ಇಲ್ಲಿಗೆ ಬಂದ ಮೇಲೆ ತಿಳಿಯಿತು. ಕೋಣೆಯಿಂದ ಅಡುಗೆಮನೆಗೆ ಹತ್ತು ಹೆಜ್ಜೆ, ಅಷ್ಟರಲ್ಲಿ ಏನು ಇಳಿದೀತು? ಅದಕ್ಕೆ ಕೆಲಸ ಮುಗಿಸಿ ನೇರ ಅಡುಗೆಮನೆಗೆ ಹೋಗದೆ, ಚಪ್ಪಲಿ ಮೆಟ್ಟಿ ಬಸ್ ನಿಲ್ಲುವಲ್ಲಿವರೆಗೆ ನಡೆಯುತ್ತೇನೆ. ಮಧುಗಿರಿ ಬಸ್ಸಿನಿಂದ ಇಳಿಯುವ ಕಾಲೇಜು ಮಕ್ಕಳು, ಟೀ ಅಂಗಡಿಯ ಹೊಗೆ, ಹಸು ಹೊಡೆದುಕೊಂಡು ಬರುವವರು. ವಾಪಸ್ ಬಂದು ಕೈಕಾಲು ತೊಳೆದು ಹೊಸ್ತಿಲು ದಾಟಿದರೆ, ಅದು ಮನೆ.

ಭಾನುವಾರ ಒಮ್ಮೆ ಮಗಳನ್ನು ಶಿರಾ ತಾಲ್ಲೂಕಿನ ಕಗ್ಗಲಡುವಿಗೆ ಕರೆದೊಯ್ದಿದ್ದೆವು. ಊರ ನಡುವಿನ ಹುಣಸೆ ಮರಗಳಲ್ಲೇ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ. ಗೂಡಿರುವ ಮರದ ಹಣ್ಣನ್ನು ಊರವರು ಬಡಿಯುವುದಿಲ್ಲ. ಹಣ್ಣಿನ ಬೆಲೆ ಅವರಿಗೆ ಗೊತ್ತಿಲ್ಲದೆ ಅಲ್ಲ. ಅತ್ತೆ ಬಹಳ ಹೊತ್ತು ಮರವನ್ನೇ ನೋಡುತ್ತಾ ನಿಂತಿದ್ದರು. "ಮನೆ ಅಂತ ಗೊತ್ತಾದ್ಮೇಲೆ ಯಾರು ಬಡೀತಾರೆ ಬಿಡು" ಅಂದರು.

ಮೊನ್ನೆ ಸಂಜೆ ನಡಿಗೆ ಮುಗಿಸಿ ಬರುವಾಗ ಟೀ ಅಂಗಡಿಯವರು, "ಏನಕ್ಕಾ, ದಿನಾ ಎಲ್ಲಿಗೋಗಿ ಬರ್ತೀರಾ?" ಅಂದರು.

"ಆಫೀಸಿಂದ ಮನೆಗೆ ಹೋಗ್ತಾ ಇದೀನಣ್ಣ" ಅಂದೆ. ಅವರು ನಕ್ಕರು. ಆದರೆ ನಾನು ಹೇಳಿದ್ದು ನಿಜವೇ.