ಉತ್ತರಸಮುದ್ರದ ತೀರದಲ್ಲಿ

ಸೂರ್ಯನು ಮುಳುಗದ ನಾಡೊಂದುಂಟೆಂದು ಬಾಲ್ಯದಲ್ಲಿ ಭೂಗೋಳದ ಪುಸ್ತಕದಲ್ಲಿ ಓದಿದ್ದೆವು. ಅದನ್ನು ಕಣ್ಣಾರೆ ಕಾಣುವ ಯೋಗವು ಕಳೆದ ಆಷಾಢದಲ್ಲಿ ನಮಗೆ ಒದಗಿತು. ನಾರ್ವೆ ದೇಶಕ್ಕೆ ಸೇರಿದ ಸ್ಪಿಟ್ಸ್‌ಬರ್ಗೆನ್ ದ್ವೀಪದ ಪಶ್ಚಿಮ ತೀರವನ್ನು ಅನುಸರಿಸಿ ಉತ್ತರಕ್ಕೆ ಸಾಗಿದ ನಮ್ಮ ಹಡಗು, ಕೊಂಗ್ಸ್‌ಫ್ಯೋರ್ಡ್ ಎಂಬ ಕಡಲತೋಳಿನಲ್ಲಿ ಲಂಗರು ಹಾಕಿತು. ಸುತ್ತಲೂ ಹಿಮದ ಬೆಟ್ಟಗಳು. ದಡದಲ್ಲಿ ನ್ಯೂ-ಓಲೆಸುಂಡ್ ಎಂಬ ಸಣ್ಣ ಊರು. ಸುಮಾರು 79ನೆಯ ಉತ್ತರ ಅಕ್ಷಾಂಶದಲ್ಲಿರುವ ಈ ಊರಿನಲ್ಲಿ ಏಪ್ರಿಲಿನ ನಡುವಿನಿಂದ ಆಗಸ್ಟಿನ ಕೊನೆಯವರೆಗೂ ಹಗಲೇ.

ಹಿಂದೆ ಇದು ಕಲ್ಲಿದ್ದಲಿನ ಗಣಿಯ ಊರಾಗಿತ್ತು. 1962ರಲ್ಲಿ ಗಣಿಯೊಳಗೆ ಸ್ಫೋಟವಾಗಿ 21 ಮಂದಿ ಮಡಿದರು. ಮರುವರ್ಷ ಗಣಿಯ ಕೆಲಸ ನಿಂತಿತು. ಈಗ ನಾನಾ ದೇಶಗಳ ವಿಜ್ಞಾನಿಗಳು ಇಲ್ಲಿ ಸಂಶೋಧನೆಯ ನೆಲೆಗಳನ್ನು ಮಾಡಿಕೊಂಡಿದ್ದಾರೆ. ನಮ್ಮ ದೇಶವು 2008ರಲ್ಲಿ ತೆರೆದ "ಹಿಮಾದ್ರಿ"ಯೂ ಅವುಗಳಲ್ಲೊಂದು. ಪರವೂರಿನ ಸಂತೆಯಲ್ಲಿ ತವರಿನವರನ್ನು ಕಂಡಂತೆ ಆ ಮನೆಯನ್ನು ಕಂಡು ಹಿಗ್ಗಿದೆವು.

ದಾರಿ ತೋರುವ ತರುಣಿಯು ಹೆಗಲಿಗೆ ಬಂದೂಕವನ್ನು ಏರಿಸಿಕೊಂಡು ಮುಂದೆ ನಡೆದಳು; ಬಿಳಿಯ ಕರಡಿಯ ಭಯವುಂಟಂತೆ. "ದಾರಿಯನ್ನು ಬಿಟ್ಟು ಒಂದು ಹೆಜ್ಜೆಯನ್ನೂ ಇಡಬೇಡಿ" ಎಂದು ಎಚ್ಚರಿಸಿದಳು. ಮರವೆಂಬುದೇ ಇಲ್ಲದ ನೆಲವಾದುದರಿಂದ, ಗುಬ್ಬಿಯ ಗಾತ್ರದ ಕಪ್ಪು ಬಿಳುಪಿನ ಹಕ್ಕಿಯೊಂದು ಮನೆಯ ಸೂರಿನ ಮೇಲೆಯೇ ಕುಳಿತು ಹಾಡುತ್ತಿದ್ದಿತು. ಹೆಬ್ಬಾತುಗಳು ಮರಿಗಳೊಡನೆ ಹುಲ್ಲು ಮೇಯುತ್ತಿದ್ದುವು. ಈಡರ್ ಬಾತಿನ ಹೆಣ್ಣು ತನ್ನ ಎದೆಯ ತುಪ್ಪುಳನ್ನೇ ಕಿತ್ತು ಗೂಡಿಗೆ ಹಾಸುತ್ತದೆ. ಮರಿಗಳು ಬಿಟ್ಟುಹೋದ ಅಂತಹ ಗೂಡೊಂದನ್ನು ದಾರಿಯ ಅಂಚಿನಲ್ಲಿ ಕಂಡು, ತಾಯ್ತನಕ್ಕೆ ದೇಶಭೇದವಿಲ್ಲವೆಂದುಕೊಂಡೆವು.

ಮುಂದೆ ಕಡಲಂಚಿನ ಜಲ್ಲಿಯಲ್ಲಿ ಧ್ರುವದ ರೀವ ಹಕ್ಕಿಗಳ ವಸತಿ. ನಮ್ಮ ಕಾವೇರಿಯ ಮರಳುದಿಣ್ಣೆಗಳಲ್ಲಿ ಮೊಟ್ಟೆಯಿಡುವ ರೀವಕ್ಕೆ ಇದು ಬಂಧು. ತೂಕ ಸುಮಾರು ನೂರು ಗ್ರಾಂ. ಕೆಂಪು ಕೊಕ್ಕು, ಕಪ್ಪು ಟೊಪ್ಪಿಗೆ. ಇಲ್ಲಿ ಬೇಸಗೆ ಮುಗಿದೊಡನೆ ಇದು ದಕ್ಷಿಣ ಧ್ರುವದ ಕಡಲಿಗೆ ಹಾರಿ ಅಲ್ಲಿಯ ಬೇಸಗೆಯನ್ನೂ ಕಾಣುತ್ತದೆ. ಗ್ರೀನ್‌ಲೆಂಡಿನ ಕೆಲವು ಹಕ್ಕಿಗಳ ಕಾಲಿಗೆ ಪುಟ್ಟ ಯಂತ್ರವನ್ನು ಕಟ್ಟಿ ನೋಡಿದ ವಿಜ್ಞಾನಿಗಳು, ಅವು ವರ್ಷಕ್ಕೆ ಸರಾಸರಿ 70,000 ಕಿಲೋಮೀಟರುಗಳಷ್ಟು ಹಾರುವುವೆಂದು 2010ರಲ್ಲಿ ಪ್ರಕಟಿಸಿದರು.

ನಾವು ಸಮೀಪಿಸಿದೊಡನೆ ಹಕ್ಕಿಗಳು ಕಿರಿಚುತ್ತ ತಲೆಯ ಮೇಲೆರಗಿದುವು. ಎಲ್ಲಕ್ಕಿಂತ ಎತ್ತರವಾದುದನ್ನೇ ಅವು ಕುಕ್ಕುವುದರಿಂದ, ತರುಣಿಯು ಹೇಳಿದಂತೆ ಕೋಲುಗಳನ್ನು ಮೇಲೆತ್ತಿ ಹಿಡಿದೆವು. ಅಷ್ಟರಲ್ಲಿ ನಮ್ಮ ಮಿತ್ರರೊಬ್ಬರು ಮರಿಯ ಚಿತ್ರವನ್ನು ತೆಗೆಯಲೆಂದು ದಾರಿಯಿಂದ ಇಳಿದರು. ತಡೆಯಬೇಕಾಗಿದ್ದ ನಾವೂ ಕುತೂಹಲದಿಂದ ಎರಡು ಹೆಜ್ಜೆ ಇಳಿದೆವು. ತಾಯಿತಂದೆಗಳೆರಡೂ ನಮ್ಮನ್ನು ಓಡಿಸುವುದರಲ್ಲಿಯೇ ಮಗ್ನವಾದುವು. ಆ ಕ್ಷಣಕ್ಕಾಗಿಯೇ ಕಾದಿದ್ದಂತೆ, ದೊಡ್ಡ ಕಡಲಕಾಗೆಯೊಂದು ಹಿಂದಿನಿಂದ ಬಂದು ಮರಿಯನ್ನು ಎತ್ತಿಕೊಂಡು ಹೋಯಿತು.

ತರುಣಿಯು ನಮ್ಮನ್ನು ಬಯ್ಯಲಿಲ್ಲ. "ದಾರಿಗೆ ಬನ್ನಿ" ಎಂದಷ್ಟೇ ಹೇಳಿದಳು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ತಿರುಗಿ ನೋಡಿದಾಗ ಆ ಜೋಡಿಯು ಬರಿಯ ಜಲ್ಲಿಯ ಮೇಲೆ ಇಳಿಯುತ್ತಲೂ ಏಳುತ್ತಲೂ ಇದ್ದಿತು. ಪಂಚತಂತ್ರದ ಟಿಟ್ಟಿಭದ ಮೊಟ್ಟೆಗಳನ್ನು ಕದ್ದ ಸಮುದ್ರನು ಕಡೆಗೆ ಅವನ್ನು ಹಿಂದಿರುಗಿಸಿದನು. ನಾವು ಏನನ್ನು ಹಿಂದಿರುಗಿಸಬಲ್ಲೆವು?

ಆ ರಾತ್ರಿ ಹಡಗಿನಲ್ಲಿ ನಿದ್ರೆ ಬರಲಿಲ್ಲ. ಕಾರಣವು ಮುಳುಗದ ಸೂರ್ಯನೊಬ್ಬನೇ ಆಗಿರಲಿಲ್ಲ. ಮಿತ್ರರು ತಾವು ತೆಗೆದ ಚಿತ್ರವನ್ನು ಯಾರಿಗೂ ತೋರಿಸಲಿಲ್ಲ. ಪರರ ಮನೆಗೆ ಹೋದಾಗ ಜಗಲಿಯಲ್ಲಿ ಕುಳಿತು ಕ್ಷೇಮವನ್ನು ವಿಚಾರಿಸಿ ಬರುವುದು ನಮ್ಮ ಹಿರಿಯರು ಕಲಿಸಿದ ಮರ್ಯಾದೆ. ಕರೆಯದೆ ಬಾಣಂತಿಯ ಕೋಣೆಗೆ ನುಗ್ಗುವವರುಂಟೆ?