ನಿಡಸೋಸಿಯಿಂದ ಬಾದಾಮಿಗೆ: ತಪ್ಪಿದ ಬಸ್ಸು, ಸಿಕ್ಕ ತ್ರಿಪದಿ

ಪ್ರವಾಸಕ್ಕೆ ಹೊರಡುವವರು ದುಡ್ಡು ಎಣಿಸುತ್ತಾರೆ, ಬಟ್ಟೆ ಮಡಚುತ್ತಾರೆ, ಬುತ್ತಿ ಕಟ್ಟುತ್ತಾರೆ. ಪಂಚಾಂಗ ನೋಡುವವರು ಕಡಿಮೆ. 2024ರ ಜನವರಿ 25ರ ಗುರುವಾರ ನಸುಕಿನಲ್ಲಿ ನಿಡಸೋಸಿಯಿಂದ ಬಾದಾಮಿಗೆ ಹೊರಟ ಆರು ಮಂದಿಯೂ ನೋಡಿರಲಿಲ್ಲ. ಅಂದು ಬನದ ಹುಣ್ಣಿಮೆ, ಬಾದಾಮಿಯ ಬನಶಂಕರಿ ದೇವಿಯ ತೇರು ಎಂಬುದು ಅವರಿಗೆ ತಿಳಿದದ್ದು ಅರ್ಧ ದಾರಿ ಸವೆದ ಮೇಲೆ.

ಹುಕ್ಕೇರಿ ತಾಲ್ಲೂಕಿನ ನಿಡಸೋಸಿ ಸಂಕೇಶ್ವರದ ಮಗ್ಗುಲಿನ ಊರು. ದುರದುಂಡೀಶ್ವರ ಮಠದಿಂದ ಹೆಸರಾದ ಈ ಊರಿಗೆ 1996ರಿಂದ ಎಂಜಿನಿಯರಿಂಗ್ ಕಾಲೇಜಿನ ಗುರುತೂ ಸೇರಿಕೊಂಡಿದೆ. ಹೊರಟವರಲ್ಲಿ ಐವರು ಅಲ್ಲಿಯ ವಿದ್ಯಾರ್ಥಿಗಳು. ಮೂವರು ಹುಡುಗಿಯರು, ಇಬ್ಬರು ಹುಡುಗರು. ಶುಕ್ರವಾರ ಗಣರಾಜ್ಯೋತ್ಸವ, ಮರುದಿನ ನಾಲ್ಕನೆಯ ಶನಿವಾರ, ಆಮೇಲೆ ಭಾನುವಾರ. ಗುರುವಾರ ಒಂದು ದಿನ ಚಕ್ಕರ್ ಹೊಡೆದರೆ ಬಾದಾಮಿ, ಪಟ್ಟದಕಲ್ಲು, ಐಹೊಳೆ ಮೂರನ್ನೂ ನೋಡಿ ಬರಬಹುದು ಎಂಬ ಲೆಕ್ಕ. ತಲೆಗೆ ಒಂದೂವರೆ ಸಾವಿರ ರೂಪಾಯಿ.

ಆರನೆಯವರು ಒಬ್ಬ ಹುಡುಗಿಯ ತಾಯಿ. ಮಗಳು ರಾತ್ರಿ ಹೊರಗೆ ಉಳಿಯುವ ಪ್ರವಾಸ ಕೇಳಿದ್ದು ಅದೇ ಮೊದಲು. ಅಪ್ಪ ಒಪ್ಪಲಿಲ್ಲ. ಎರಡು ದಿನ ಮನೆಯಲ್ಲಿ ಮಾತಿಲ್ಲ. ಕೊನೆಗೆ ತಾಯಿಯೇ ದಾರಿ ತೆಗೆದರು: "ನಾನೂ ಬರ್ತೀನಿ. ಇಲ್ಲಾಂದ್ರ ನೀನೂ ಹೋಗೂದು ಬ್ಯಾಡ." ಮಗಳು ಮುಖ ಊದಿಸಿಕೊಂಡೇ ಒಪ್ಪಿದಳು. ಉಳಿದ ನಾಲ್ವರಿಗೂ ಕಾವಲು ಬಂತಲ್ಲ ಎಂಬ ಬೇಸರ. ಆದರೆ ಆ ಕಾವಲಿನ ಕೈಯಲ್ಲಿ ಮೂವತ್ತು ಖಡಕ್ ರೊಟ್ಟಿ, ಶೇಂಗಾ ಚಟ್ನಿಯ ಡಬ್ಬಿ ಇತ್ತು. ಬೇಸರ ಸಂಕೇಶ್ವರದ ಬಸ್ ನಿಲ್ದಾಣದವರೆಗೆ ಮಾತ್ರ ಉಳಿಯಿತು.

ಬಸ್ಸಿನಲ್ಲಿ ಮೊದಲ ತೊಡಕು. 2023ರ ಜೂನ್ 11ರಿಂದ ಕರ್ನಾಟಕದ ಹೆಣ್ಣುಮಕ್ಕಳಿಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ಟಿಗೆ ದುಡ್ಡಿಲ್ಲ. ನಾಲ್ವರ ಬಸ್ ಖರ್ಚು ಸೊನ್ನೆ ಎಂದೇ ಲೆಕ್ಕ ಹಾಕಿದ್ದರು. ಕಂಡಕ್ಟರು ಕಾರ್ಡು ನೋಡುತ್ತ ಒಬ್ಬಳ ಹತ್ತಿರ ನಿಂತರು. ಆಕೆ ಗಡಹಿಂಗ್ಲಜದ ಕಡೆಯವಳು. ಮನೆಮಾತು ಕನ್ನಡ, ಆಧಾರ್ ಕಾರ್ಡು ಮಹಾರಾಷ್ಟ್ರದ್ದು. ಪೂರಾ ಟಿಕೆಟ್ ಬಿತ್ತು. ಹುಡುಗಿಯ ಕಣ್ಣು ತುಂಬಿದ್ದು ಕಂಡು ಉಳಿದವರು ಆ ಮೊತ್ತವನ್ನು ಆರು ಪಾಲು ಮಾಡಿ ಹಂಚಿಕೊಂಡರು. ಮೂರು ದಿನವೂ ಅದೇ ಕ್ರಮ ನಡೆಯಿತು.

ಎರಡನೆಯದು ಸ್ವಯಂಕೃತ. ಗೋಕಾಕಕ್ಕೆ ಬಂದು ಕರದಂಟು ಕೊಳ್ಳದೆ ಹೋಗುವುದುಂಟೇ ಎಂದು ಹುಡುಗರಿಬ್ಬರೂ ಪೇಟೆಗೆ ಓಡಿದರು. ಐದು ನಿಮಿಷ ಎಂದವರು ಬಂದದ್ದು ಇಪ್ಪತ್ತೈದು ನಿಮಿಷಕ್ಕೆ. ಅಷ್ಟರಲ್ಲಿ ಬಾಗಲಕೋಟೆಯ ಬಸ್ಸು ಧೂಳೆಬ್ಬಿಸಿ ಹೋಗಿತ್ತು. ಅವರಿಗೆ ಹೊಂದುವ ಮುಂದಿನ ಬಸ್ಸಿಗೆ ಮೂರು ತಾಸು. ಎಲ್ಲರೂ ಬೈಯುತ್ತಾರೆಂದು ತಲೆ ತಗ್ಗಿಸಿ ನಿಂತ ಹುಡುಗರಿಗೆ ತಾಯಿ ಹೇಳಿದ್ದು ಇಷ್ಟೇ: "ಬಸ್ ಹ್ವಾದ್ರ ಹೋತು, ಯಾರೂ ಕಳದಿಲ್ಲಲ್ಲ. ಇಲ್ಲೇ ಫಾಲ್ಸ್ ಐತಿ, ನೋಡಿ ಬರೂಣು ನಡೀರಿ."

ಘಟಪ್ರಭಾ ನದಿ 52 ಮೀಟರ್ ಆಳಕ್ಕೆ ಧುಮುಕುವ ಗೋಕಾಕ ಜಲಪಾತವನ್ನು ನೋಡಬೇಕಾದ್ದು ಮಳೆಗಾಲದಲ್ಲಿ. ಜನವರಿಯಲ್ಲಿ ನೀರು ಸೊರಗಿ ಬಂಡೆಯೇ ಎದ್ದು ಕಾಣುತ್ತದೆ. ಕಣಿವೆಯ ಮೇಲೆ ಹಾದ 201 ಮೀಟರ್ ಉದ್ದದ ಹಳೆಯ ತೂಗುಸೇತುವೆ, ಹತ್ತೊಂಬತ್ತನೆಯ ಶತಮಾನದ ನೂಲಿನ ಗಿರಣಿ, ಅದಕ್ಕಾಗಿ ಈ ನೀರಿನಿಂದಲೇ ವಿದ್ಯುತ್ ತೆಗೆದ ಕತೆ ಇವೆಲ್ಲ ಸುತ್ತಲಿನ ಊರಿನವರಾದ ಅವರಿಗೆ ಗೊತ್ತಿದ್ದವೇ. ಗೊತ್ತಿಲ್ಲದ್ದು ಹೊಳೆಯ ದಂಡೆಯ ಚಾಲುಕ್ಯ ಶೈಲಿಯ ಹಳೆಯ ಗುಡಿಗಳು. ಪ್ರತಿ ವರ್ಷ ಬಂದು ಫೋಟೊ ತೆಗೆಸಿಕೊಂಡು ಹೋದವರು ಮಹಾಲಿಂಗೇಶ್ವರ ಗುಡಿಯ ಒಳಗೆ ಕಾಲಿಟ್ಟಿದ್ದು ಅಂದೇ ಮೊದಲು. "ಇದನ್ನ ಕಟ್ಟಿದವರು ಯಾರು?" ಎಂದು ತಾಯಿ ಕೇಳಿದರು. ಸಿವಿಲ್ ಎಂಜಿನಿಯರಿಂಗ್ ಓದುವ ಐವರೂ ಒಬ್ಬರ ಮುಖ ಒಬ್ಬರು ನೋಡಿದರು.

ಬಾಗಲಕೋಟೆ ದಾಟಿ ಬಾದಾಮಿ ತಲುಪಿದಾಗ ಹೊತ್ತು ಮುಳುಗುತ್ತಿತ್ತು. ನಿಲ್ದಾಣದಲ್ಲಿ ಕಾಲಿಡಲು ಜಾಗವಿಲ್ಲ. ಯಾವ ವಸತಿಗೃಹದಲ್ಲೂ ಕೋಣೆಯಿಲ್ಲ. ಇದ್ದ ಒಂದೆರಡು ಕಡೆ ಹೇಳಿದ ಬಾಡಿಗೆ ಆರೂ ಜನರ ಜೇಬು ಕೂಡಿಸಿದರೂ ಸಾಲದು. ಮಗಳಿಗೆ ಅಳುವೇ ಬಂತು. ಅಪ್ಪನಿಗೆ ಈ ಸುದ್ದಿ ತಿಳಿದರೆ ಮುಂದೆ ಯಾವ ಪ್ರವಾಸವೂ ಇಲ್ಲ. ತಾಯಿ ಸೆರಗು ಬಿಗಿದು ಹೇಳಿದರು: "ಜಾತ್ರ್ಯಾಗ ಯಾರರ ಮಲಗ್ತಾರೇನ? ಬನಶಂಕರಿಗೆ ಹೋಗೂಣು."

ಬಾದಾಮಿಗೆ ಐದು ಕಿಲೋಮೀಟರ್ ದೂರದ ಬನಶಂಕರಿಯಲ್ಲಿ ಹುಣ್ಣಿಮೆಯ ಬೆಳದಿಂಗಳು ಹೊಂಡದ ನೀರಿನ ಮೇಲೆ ಬಿದ್ದಿತ್ತು. ಬುಟ್ಟಿ ಹೊತ್ತ ಹೆಣ್ಣುಮಕ್ಕಳು ಜೋಳದ ರೊಟ್ಟಿ, ಬದನೆಕಾಯಿ ಪಲ್ಯ, ಕೆಂಪು ಖಾರ, ಪುಟ್ಟ ಕುಡಿಕೆಯ ಗಟ್ಟಿ ಮೊಸರು ಬಡಿಸಿದರು. ಕಡಿಮೆ ದುಡ್ಡಿಗೆ ಅಷ್ಟು ರುಚಿಯ ಊಟ ಮತ್ತೆ ಸಿಗಲಿಲ್ಲ. ಈ ಜಾತ್ರೆ ತೇರಿನಷ್ಟೇ ನಾಟಕಕ್ಕೂ ಹೆಸರುವಾಸಿ. ಹುಣ್ಣಿಮೆಯ ನಂತರವೂ ವಾರಗಟ್ಟಲೆ ಹಲವು ವೃತ್ತಿ ಕಂಪನಿಗಳು ಇಲ್ಲಿ ಡೇರೆ ಹಾಕುತ್ತವೆ. ಆರೂ ಮಂದಿ ಟಿಕೆಟ್ ಕೊಂಡು ಕುರ್ಚಿ ಹಿಡಿದರು. ಕೋಣೆಯ ಬಾಡಿಗೆಯ ಮುಂದೆ ಆ ಟಿಕೆಟ್ ಏನೂ ಅಲ್ಲ. ಆಟ ಮುಗಿದ ಮೇಲೆ ಮತ್ತೊಂದು ಡೇರೆ. ಮೊಬೈಲಿನಲ್ಲಿ ಸಿನಿಮಾ ನೋಡಿ ಬೆಳೆದ ಹುಡುಗರು ರಂಗದ ಮೇಲಿನ ನಟಿ ಅತ್ತಾಗ ಡೇರೆಗೆ ಡೇರೆಯೇ ಮೂಗು ಒರೆಸಿಕೊಂಡದ್ದನ್ನು ಬೆರಗಾಗಿ ನೋಡಿದರು. ಬೆಳಗಿನ ಜಾವ ಗುಡಿಯ ಹೊರಗಿನ ಕಟ್ಟೆಯ ಮೇಲೆ ಚಾದರ ಹೊದ್ದು ಎರಡು ತಾಸು ಕಣ್ಣು ಮುಚ್ಚಿದರು. ಸುತ್ತಲೂ ಹಾಗೆಯೇ ಮಲಗಿದ ನೂರಾರು ಸಂಸಾರಗಳಿದ್ದವು.

ಶುಕ್ರವಾರ ಬೆಳಿಗ್ಗೆ ಬಾದಾಮಿಯ ದಾರಿಯಲ್ಲಿ ಶಾಲೆಯೊಂದರ ಧ್ವಜವಂದನೆಗೆ ನಿಂತು, ಮಕ್ಕಳ ಜೊತೆ ಪೇಡೆ ತಿಂದು, ಗುಹೆಗಳ ಮೆಟ್ಟಿಲೇರಿದರು. ಮೊದಲನೆಯ ಗುಹೆಯಲ್ಲಿ ಹದಿನೆಂಟು ಕೈಗಳ ನಟರಾಜ. ಎರಡು, ಮೂರು ವಿಷ್ಣುವಿನವು, ನಾಲ್ಕನೆಯದು ಜೈನರದು. ಮೂರನೆಯ ಗುಹೆಯ ಶಾಸನ 578ರದು. ಚಾಲುಕ್ಯರ ಮಂಗಳೇಶ ಅದನ್ನು ಮಾಡಿಸಿದ ವರ್ಷ ಕಲ್ಲಿನಲ್ಲೇ ಇರುವುದರಿಂದ, ದಖ್ಖನ್ನಿನ ಉಳಿದ ಗುಡಿಗಳ ಕಾಲ ಲೆಕ್ಕ ಹಾಕಲು ಅದೊಂದು ಆಧಾರ. ಹುಡುಗನೊಬ್ಬ ಇದನ್ನು ವಿವರಿಸುತ್ತಿದ್ದಾಗ ಕೋತಿಯೊಂದು ಇಳಿದು ಅವನ ಚೀಲಕ್ಕೇ ಕೈ ಹಾಕಿತು. ಯಾವುದಕ್ಕಾಗಿ ಬಸ್ಸು ತಪ್ಪಿತ್ತೋ ಆ ಗೋಕಾಕ ಕರದಂಟು ಬಂಡೆಯ ತುದಿ ಸೇರಿತು. ಅಂಟು, ಒಣಕೊಬ್ಬರಿ, ಬೆಲ್ಲ ಎಲ್ಲವನ್ನೂ ಕೋತಿ ಸಾವಕಾಶ ಸವಿಯುವುದನ್ನು ಆರೂ ಮಂದಿ ಕೆಳಗಿನಿಂದ ನೋಡಿದರು.

ಮುಂದೆ ವಸ್ತುಸಂಗ್ರಹಾಲಯಕ್ಕೆ ಹೋದರೆ ಬಾಗಿಲು ಹಾಕಿತ್ತು. ಅದಕ್ಕೆ ಶುಕ್ರವಾರ ರಜೆ. ಹೊತ್ತು ಉಳಿಯಿತೆಂದು ಅಗಸ್ತ್ಯ ತೀರ್ಥದ ದಂಡೆ ಹಿಡಿದು ಭೂತನಾಥ ಗುಡಿಯ ಕಡೆ ನಡೆದರು. ಅದೇ ಮಗ್ಗುಲಿನ ಬಂಡೆಯೊಂದರ ಮೇಲೆ ಕಪ್ಪೆ ಅರಭಟ್ಟನ ಶಾಸನವಿದೆ. ಸುಮಾರು ಕ್ರಿ.ಶ. 700ರದು. ಸಜ್ಜನರಿಗೆ ಹಿತವಾಗಿ, ಕೆಣಕಿದವರಿಗೆ ಕಠಿಣವಾಗಿ ಬಾಳಿದ ಒಬ್ಬ ವೀರನ ಬಣ್ಣನೆ. ಅಕ್ಷರ ಹಳೆಯದು, ಓದಲು ಬರಲಿಲ್ಲ. ಒಬ್ಬಳು ಹೊಸ ಲಿಪಿಯ ಪಾಠವನ್ನು ಬರೆದುಕೊಂಡು ಬಂದಿದ್ದಳು. ಅದನ್ನು ಗಟ್ಟಿಯಾಗಿ ಓದಿದಳು.

ತಾಯಿ ಮೊದಲ ಸಲ ಸುಮ್ಮನೆ ಕೇಳಿದರು. ಎರಡನೆಯ ಸಲ ತೊಡೆಯ ಮೇಲೆ ಬೆರಳಿನಿಂದ ತಾಳ ಹಾಕಿದರು. ಮೂರನೆಯ ಸಲ, "ಇದು ಬೀಸೂಕಲ್ಲಿನ ಹಾಡಿನ ಧಾಟಿ ಅಲ್ಲೇನ?" ಎಂದರು. ತಮ್ಮ ಅವ್ವ ನಸುಕಿನಲ್ಲಿ ಜೋಳ ಬೀಸುತ್ತ ಹಾಡುತ್ತಿದ್ದ ಧಾಟಿಗೆ ಬಂಡೆಯ ಮೇಲಿನ ಸಾಲುಗಳನ್ನು ಕೂಡಿಸಿ ಗುನುಗಿದರು. ಕೂಡಿತು. ಕೂಡಲೇಬೇಕು, ಶಾಸನದ ಈ ಪದ್ಯಗಳು ತ್ರಿಪದಿಯವು, ಕನ್ನಡದಲ್ಲಿ ಸಿಕ್ಕಿರುವ ತ್ರಿಪದಿಗಳಲ್ಲಿ ತೀರ ಹಳೆಯವು. ಗರತಿಯರ ಬೀಸುವ ಪದಗಳೂ, ಸರ್ವಜ್ಞನ ವಚನಗಳೂ ಅದೇ ಮಟ್ಟಿನವು. ಸಾವಿರದ ಮುನ್ನೂರು ವರ್ಷದ ಹಿಂದಿನ ಬಂಡೆಯ ಮಾತು ತನ್ನ ಅಜ್ಜಿಯ ಅಡುಗೆಮನೆಯಲ್ಲಿ ಇತ್ತು ಎಂಬುದು ಮಗಳಿಗೆ ಅಂದೇ ತಿಳಿದದ್ದು. ಸಂಗ್ರಹಾಲಯ ತೆರೆದಿದ್ದರೆ ಅವರು ಈ ಬಂಡೆಯವರೆಗೆ ಬರುತ್ತಿದ್ದರೆಂದು ಹೇಳಲಾಗದು.

ತೇರು ಮುಗಿದು ಗದ್ದಲ ತಗ್ಗಿದ್ದರಿಂದ ಆ ರಾತ್ರಿ ಎರಡು ಸಣ್ಣ ಕೋಣೆ ಸಿಕ್ಕವು. ಶನಿವಾರ ಮೊದಲ ಬಸ್ಸಿಗೆ 22 ಕಿಲೋಮೀಟರಿನ ಪಟ್ಟದಕಲ್ಲು. 1987ರಲ್ಲಿ ವಿಶ್ವ ಪರಂಪರೆಯ ತಾಣವಾದ ಈ ಊರಿನಲ್ಲಿ ಉತ್ತರದ ನಾಗರ ಶಿಖರ, ದಕ್ಷಿಣದ ದ್ರಾವಿಡ ಶಿಖರ ಒಂದೇ ಅಂಗಳದಲ್ಲಿ ನಿಂತಿವೆ. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಈ ಗುಡಿಗಳ ಅಂಗಳಕ್ಕೆ ನುಗ್ಗಿತ್ತು. ನೆರೆ ಇಳಿದ ಮೇಲೂ ಗುಡಿಗಳು ಹಾಗೇ ನಿಂತಿವೆ. ಇಮ್ಮಡಿ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದ ನೆನಪಿಗೆ ರಾಣಿ ಲೋಕಮಹಾದೇವಿ ಕಟ್ಟಿಸಿದ ವಿರೂಪಾಕ್ಷ ಗುಡಿಯಲ್ಲಿ ವಿದ್ಯಾರ್ಥಿಗಳು ಹುಡುಕಿದ್ದು ರಾಜರ ಹೆಸರನ್ನಲ್ಲ. ಗುಂಡ ಅನಿವಾರಿತಾಚಾರಿ, ಸರ್ವಸಿದ್ಧಿ ಆಚಾರಿ ಎಂದು ಅಲ್ಲಿಯ ಶಾಸನಗಳು ಕಟ್ಟಿದವರ ಹೆಸರನ್ನೇ ಹೇಳುತ್ತವೆ. ಗೋಕಾಕದ ಗುಡಿಯಲ್ಲಿ ತಾಯಿ ಕೇಳಿದ ಪ್ರಶ್ನೆಗೆ ಇಲ್ಲಿಯಾದರೂ ಉತ್ತರ ಕೊಡಲು ಬಂತೆಂದು ಐವರಿಗೂ ಸಮಾಧಾನವಾಯಿತು.

ಐಹೊಳೆಯ ಬಸ್ಸು ಮತ್ತೆ ತಪ್ಪಿತು. ಈ ಸಲ ಯಾರೂ ಗಾಬರಿಯಾಗಲಿಲ್ಲ; ಟಂಟಂ ಹಿಡಿದರು. ದುರ್ಗ ಗುಡಿಯ ಹೆಸರು ದೇವಿಯಿಂದ ಬಂದದ್ದಲ್ಲ, ಕೋಟೆ ಎಂಬ ಅರ್ಥದ ದುರ್ಗದಿಂದ ಬಂದದ್ದು ಎಂಬುದನ್ನು ಅರಿತರು. ಬಿಸಿಲಿನಲ್ಲಿ ಗುಡ್ಡ ಹತ್ತಿ ಮೇಗುತಿ ಬಸದಿಯ 634ರ ಶಾಸನ ನೋಡಿದರು. ಇಮ್ಮಡಿ ಪುಲಿಕೇಶಿಯನ್ನು ಹೊಗಳಿದ ರವಿಕೀರ್ತಿ ಅದರಲ್ಲಿ ಕಾಳಿದಾಸ, ಭಾರವಿಯರ ಹೆಸರು ಹೇಳಿದ್ದಾನೆ. ಮರಳುವಾಗ ಅಮೀನಗಡದಲ್ಲಿ ಇಳಿದು, ಕೋತಿ ಕಸಿದದ್ದಕ್ಕೆ ಬದಲಾಗಿ ಅಲ್ಲಿಯ ಕರದಂಟು ಕೊಂಡರು. ಗೋಕಾಕದ್ದು ಹೆಚ್ಚೋ ಅಮೀನಗಡದ್ದು ಹೆಚ್ಚೋ ಎಂಬ ವಾದ ಬಾಗಲಕೋಟೆ ದಾಟಿದರೂ ಮುಗಿಯಲಿಲ್ಲ.

ಈ ದಾರಿ ಹಿಡಿಯುವವರು ನೆನಪಿಡಬೇಕಾದ್ದು ಕೆಲವೇ. ಶುಕ್ರವಾರ ಬಾದಾಮಿ, ಐಹೊಳೆಗಳ ವಸ್ತುಸಂಗ್ರಹಾಲಯ ತೆರೆದಿರುವುದಿಲ್ಲ. ಬನದ ಹುಣ್ಣಿಮೆಯ ಸುಮಾರಿಗೆ ಹೋಗುವುದಾದರೆ ಕೋಣೆ ಮೊದಲೇ ಗೊತ್ತುಮಾಡಬೇಕು, ಇಲ್ಲವೇ ಚಾದರ ಒಯ್ಯಬೇಕು. ಹೆಣ್ಣುಮಕ್ಕಳು ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ಇಟ್ಟುಕೊಳ್ಳಬೇಕು. ಗುಹೆಗಳ ಬಳಿ ತಿನಿಸಿನ ಚೀಲ ಕೈಯಲ್ಲಿ ಹಿಡಿಯಬಾರದು. ಒಂದು ದಿನಕ್ಕೆ ಮೂರೂ ಊರು ಮುಗಿಸುವ ಆಸೆ ಬಿಡಬೇಕು. ಸಂಗಡ ಬರುವ ಹಿರಿಯರಿದ್ದರೆ ಬೇಡವೆನ್ನಬಾರದು.

ಶನಿವಾರ ನಡುರಾತ್ರಿ ಸಂಕೇಶ್ವರದ ನಿಲ್ದಾಣದಲ್ಲಿ ಆ ಹುಡುಗಿಯ ಅಪ್ಪ ಕಾಯುತ್ತ ನಿಂತಿದ್ದರು. ಗುರುವಾರದ ರಾತ್ರಿ ಎಲ್ಲಿ ಉಳಿದಿರಿ ಎಂದು ಕೇಳಿದರು. ಕಟ್ಟೆಯ ಮೇಲೆ ಎಂದು ತಾಯಿ ಇದ್ದದ್ದನ್ನು ಇದ್ದಂತೆ ಹೇಳಿದರು. ಮಗಳು ಉಸಿರು ಬಿಗಿಹಿಡಿದು ನಿಂತಳು. ಅಪ್ಪ ಏನೋ ಹೇಳುವ ಮೊದಲೇ ತಾಯಿ ಮುಂದುವರಿಸಿದರು: "ಪರೀಕ್ಷಾ ಮುಗದ ಮ್ಯಾಲ ಇವರು ಹಂಪಿಗೆ ಹೊಂಟಾರ. ಈ ಸಲ ನಾ ಹೋಗೂದಿಲ್ಲ. ಬಸ್ ತಪ್ಪಿದ್ರ ಏನ ಮಾಡಬೇಕಂತ ಅಕಿಗೆ ಈಗ ಗೊತ್ತೈತಿ."